ಬಾಯಲ್ಲಿ ಹೇಳು

ನನ್ನ ಹೊಟ್ಟೆಯ ಬಲಗಡೆ ಒಂದು ಗಾಯದ ಗುರುತು ಇದೆ. ಮೇಲಿನ ತುದಿ ಸಪೂರ, ಕೆಳಗಿನ ತುದಿ ಅಗಲ. ಅಗಲವಾದ ಕಡೆ ಕೀವಾಗಿ ಹೊಲಿಗೆ ಬಿಟ್ಟುಹೋಗಿತ್ತು. ಮೊಮ್ಮಕ್ಕಳು ಕೇಳಿದರೆ ಹುಲಿ ಪರಚಿದ್ದು ಎನ್ನುತ್ತೇನೆ. ಹುಲಿಯ ಕಥೆ ಹೇಳುವುದು ಸುಲಭ. ನಿಜವಾದ ಕಥೆಯಲ್ಲಿ ನಾನು ಸುಳ್ಳುಗಾತಿ, ಅದೂ ಒಂದು ಮಾತೂ ಆಡದೆ ಸುಳ್ಳು ಹೇಳಿದವಳು.

ಅರುವತ್ತರ ದಶಕದ ಮೊದಲ ವರ್ಷಗಳು. ಕಾಣಿಯೂರಿನಲ್ಲಿ ಹುಟ್ಟಿದ ನನ್ನನ್ನು ಹದಿನೆಂಟು ತುಂಬುವಾಗ ಐವರ್ನಾಡಿನ ಒಂದು ಮನೆಗೆ ಕೊಟ್ಟರು. ಗಂಡ ಕಡಬದ ಕಡೆ ಶಾಲೆಯಲ್ಲಿ ಮಾಸ್ತರರು. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಉಳಿದ ದಿನ ಮನೆಯಲ್ಲಿ ಮಾವ, ಅತ್ತೆ, ನಾನು. ಮನೆಯ ಮಾತು ನಮ್ಮ ಕಡೆಯ ಗೌಡರ ಅರೆಭಾಷೆ, ಹೊರಗಿನವರ ಎದುರು ಪುತ್ತೂರಿನ ಕನ್ನಡ. ನನ್ನ ಮಟ್ಟಿಗೆ ಎರಡೂ ಒಂದೇ, ಏಕೆಂದರೆ ಮಾವನ ಎದುರು ನಾನು ಯಾವ ಭಾಷೆಯನ್ನೂ ಆಡುವಂತಿರಲಿಲ್ಲ. ಅವರು ಸೊಸೆಯನ್ನು ನೇರವಾಗಿ ಮಾತಾಡಿಸುತ್ತಿರಲಿಲ್ಲ, ಸೊಸೆ ಅವರಿಗೆ ನೇರವಾಗಿ ಉತ್ತರ ಕೊಡುತ್ತಿರಲಿಲ್ಲ. ಅದು ಕೋಪವಲ್ಲ, ಮರ್ಯಾದೆ. ಅವರು ಜಗಲಿಯಲ್ಲಿ ಕೂತು ಗೋಡೆಗೆ ಕೇಳಿದ ಹಾಗೆ, “ದನಕ್ಕೆ ಹುಲ್ಲು ಹಾಕಿದ್ದಾಳಾ?” ಎನ್ನುವರು. ನಾನು ಬಾಗಿಲ ಮರೆಯಿಂದ ತಲೆಯಾಡಿಸುವೆ. ಅತ್ತೆ, “ಹಾಕಿದ್ದಾಳಂತೆ” ಎನ್ನುವರು. ಮಧ್ಯಾಹ್ನ ಉಂಡು ಎಲೆಯಡಿಕೆಯ ತಟ್ಟೆ ಎಳೆದುಕೊಳ್ಳುವಾಗ ದಿನವೂ ಒಂದು ಪ್ರಶ್ನೆ: “ಅವಳ ಊಟ ಆಯ್ತಾ?” ನಾನು ತಲೆಯಾಡಿಸುವೆ. “ಆಯ್ತಂತೆ.” ಎಷ್ಟೋ ದಿನ ಆಗಿರುತ್ತಿರಲಿಲ್ಲ. ಕೆಲಸದವರಿಗೆ ಬಡಿಸಿ, ಪಾತ್ರೆ ತೊಳೆದು, ನನ್ನ ಸರದಿ ಬರುವಾಗ ಹೊತ್ತು ವಾಲಿರುತ್ತಿತ್ತು. ಆದರೆ ಇಲ್ಲ ಎಂದು ತಲೆಯಾಡಿಸಿದರೆ ಮುಂದೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ತಲೆಯಲ್ಲಿ ಉತ್ತರ ಕೊಡಲಿಕ್ಕೆ ಬರುವುದಿಲ್ಲ. ಹೌದು ಎಂದರೆ ಅಲ್ಲಿಗೇ ಮುಗಿಯುತ್ತದೆ. ಹದಿನಾಲ್ಕು ತಿಂಗಳಲ್ಲಿ ನನ್ನ ಕುತ್ತಿಗೆ ಹೌದು ಎನ್ನುವುದನ್ನು ಚೆನ್ನಾಗಿ ಕಲಿತುಬಿಟ್ಟಿತ್ತು.

ಹೊಟ್ಟೆನೋವು ಬಂದದ್ದು ಬೇಸಿಗೆಯಲ್ಲಿ, ಶಾಲೆಗಳ ಪರೀಕ್ಷೆ ನಡೆಯುವ ಸಮಯ. ಆ ವಾರ ಗಂಡ ಮನೆಗೆ ಬಂದಿರಲಿಲ್ಲ. ಮೊದಲ ದಿನ ಹೊಕ್ಕುಳ ಸುತ್ತ, ಮರುದಿನ ಬಲಗಡೆ. ಅತ್ತೆ ಓಮದ ಕಷಾಯ ಕೊಟ್ಟು, “ಕಡಮೆ ಆಯ್ತಾ?” ಎಂದರು. ತಲೆಯಾಡಿಸಿದೆ. ಮೂರನೆಯ ದಿನ ದನದ ಹಟ್ಟಿಯಲ್ಲಿ ಬಗ್ಗಿದವಳು ಏಳಲಾಗದೆ ಅಲ್ಲೇ ಕೂತುಬಿಟ್ಟೆ. ಮಾವ ಇಬ್ಬರು ಆಳುಗಳನ್ನು ಕರೆದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆಗೆ ಹೊರಿಸಿದರು. ಪುತ್ತೂರು ಬಸ್ಸಿನಲ್ಲಿ ನನ್ನನ್ನು ಉದ್ದದ ಸೀಟಿನಲ್ಲಿ ಮಲಗಿಸಿದ್ದರು. ಕಂಡಕ್ಟರ್ ಯಾವ ನಿಲ್ದಾಣದಲ್ಲೂ ಹೆಚ್ಚು ಹೊತ್ತು ನಿಲ್ಲಿಸಲಿಲ್ಲವಂತೆ. ಆ ಉಪಕಾರವನ್ನು ನೆನೆಯಬೇಕು, ಯಾಕೆಂದರೆ ಮುಂದೆ ಅದೇ ಪುಣ್ಯಾತ್ಮ ನನ್ನ ಮಾನವನ್ನು ದಾರಿಯುದ್ದಕ್ಕೂ ಹಂಚಿದ.

ಆಸ್ಪತ್ರೆ ಒಂದು ಗುಡ್ಡದ ಬದಿಯಲ್ಲಿತ್ತು. ಹಂಚಿನ ಮಾಡು, ಹೆಂಗಸರ ವಾರ್ಡಿನಲ್ಲಿ ಎಂಟು ಕಬ್ಬಿಣದ ಮಂಚ. ಡಾಕ್ಟರು ಘಟ್ಟದ ಮೇಲಿನವರು, ಗಟ್ಟಿ ಗಂಟಲು, ಒಳ್ಳೆಯ ಕೈ. ಹೊಟ್ಟೆ ಒತ್ತಿ ನೋಡಿ, “ಅಪೆಂಡಿಕ್ಸು ಒಡೆಯುವ ಹಾಗಿದೆ, ಈಗಲೇ ಕೊಯ್ಯಬೇಕು” ಎಂದರು. ಮಾವ ಕಾಗದಕ್ಕೆ ಸಹಿ ಹಾಕಿದರು. ಒಳಗೆ ಮೂಗಿಗೆ ಬಟ್ಟೆಯ ಮುಚ್ಚಳ ಇಟ್ಟು ಈಥರ್ ಹನಿಸುತ್ತ, “ಒಂದು, ಎರಡು ಎಣಿಸಮ್ಮ” ಎಂದರು. ನಾನು ಎಣಿಸಲಿಲ್ಲ. ಗಂಡಸರ ಎದುರು ಎಣಿಸಲಿಕ್ಕೂ ನನಗೆ ನಾಚಿಕೆ.

ಎಚ್ಚರವಾದಾಗ ಬಾಯಿ ಒಣಗಿ ಹಲಗೆಯಾಗಿತ್ತು. ನೀರು ಎಂದೆ. ಅತ್ತೆ ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತಿದರು, ಅಷ್ಟೆ. ಡಾಕ್ಟರು ಮಾವನಿಗೆ ಹೇಳುತ್ತಿದ್ದರು: “ಹೊಟ್ಟೆಯೊಳಗೆ ಕೈ ಹಾಕಿದರೆ ಕರುಳು ಮುನಿಸಿಕೊಂಡು ಮಲಗಿಬಿಡುತ್ತೆ. ಅದು ಎದ್ದು ಕೆಲಸ ಶುರು ಮಾಡಿತು ಅನ್ನೋದಕ್ಕೆ ಒಂದೇ ಗುರುತು, ಕೆಳಗಿನಿಂದ ಗಾಳಿ ಹೋಗಬೇಕು. ಅಲ್ಲಿವರೆಗೆ ಬಾಟಲಿಯ ಗ್ಲೂಕೋಸೇ ಆಧಾರ, ಬಾಯಿಗೆ ಒಂದು ಗುಟುಕು ನೀರೂ ಕೊಡಬೇಡಿ.” ಕಣ್ಣು ಮುಚ್ಚಿ ಮಲಗಿದ್ದ ನನಗೆ ಆ ಮಾತು ಮಾವನ ಕಿವಿಗೆ ಬಿತ್ತಲ್ಲ ಎಂದು ಆದ ಸಂಕಟ ಹೊಲಿಗೆಯ ನೋವಿಗಿಂತ ಹೆಚ್ಚಿನದು.

ಆ ಆಸ್ಪತ್ರೆಯಲ್ಲಿ ಗಂಡಸರನ್ನು ಹೆಂಗಸರ ವಾರ್ಡಿಗೆ ಬಿಡುತ್ತಿದ್ದದ್ದು ಎರಡು ಹೊತ್ತು, ಡಾಕ್ಟರು ರೋಗಿಗಳನ್ನು ನೋಡಲು ಬರುವ ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ ಒಂದು ತಾಸು. ಮಾವ ತಪ್ಪದೆ ಬೆಳಿಗ್ಗೆ ಬಂದು, ಮಂಚದ ಕಾಲಿನ ಕಡೆ, ಕೊಡೆಯನ್ನು ನೆಲಕ್ಕೆ ಊರಿ ನಿಲ್ಲುವರು. ಡಾಕ್ಟರು ದೂರದ ಬಾಗಿಲಿನಿಂದಲೇ ಕೇಳುವರು: “ಏನಮ್ಮಾ, ಗಾಳಿ ಹೋಯ್ತೇನು?”

ಎಂಟು ಮಂಚದ ಹೆಂಗಸರೂ ಅವರ ಮನೆಯವರೂ ನನ್ನ ಕಡೆ ತಿರುಗುವರು. ನಾನು ಮಾಡಿನ ಹಂಚು ನೋಡುವೆ. ಅತ್ತೆ, “ಇಲ್ಲ ಡಾಕ್ಟ್ರೆ, ಇನ್ನೂ ಹೋಗ್ಲಿಲ್ಲ” ಎನ್ನುವರು. ಮಾವ ಕೆಮ್ಮಿ ಕಿಟಕಿಯ ಹೊರಗೆ ನೋಡುವರು. ಮರುದಿನವೂ ಹಾಗೆಯೇ.

ಇದು ವಾರ್ಡಿನೊಳಗೇ ಇದ್ದಿದ್ದರೆ ಹೇಗೋ ಸಹಿಸುತ್ತಿದ್ದೆ. ಊರಿಗೆ ಸುದ್ದಿ ಮುಟ್ಟಿಸಲು ಇದ್ದ ದಾರಿ ಬಸ್ಸು ಒಂದೇ. ಮಾವ ನಿಲ್ದಾಣಕ್ಕೆ ಹೋಗಿ ಕಂಡಕ್ಟರನ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳುವರು, ಸುಳ್ಳು ಅವರಿಗೆ ಬಾರದು. ಕಂಡಕ್ಟರ್ ನಮ್ಮ ದಾರಿಯ ಅಂಗಡಿಯ ಎದುರು ಬಸ್ಸು ನಿಧಾನ ಮಾಡಿಸಿ ಮೆಟ್ಟಿಲಿನಿಂದ, “ಗಾಳಿ ಇನ್ನೂ ಹೋಗ್ಲಿಲ್ಲಂತೆ, ಮನೆಗೆ ಹೇಳಿ” ಎಂದು ಕೂಗುವನಂತೆ. ಅಂಗಡಿಯವನು ಅಕ್ಕಿ ಕೊಳ್ಳಲು ಬಂದವರಿಗೆಲ್ಲ ಹೇಳುವನು. ಹೀಗೆ ಸುದ್ದಿ ಕಾಣಿಯೂರಿನ ತವರಿಗೂ ಹೋಯಿತು. ಪುತ್ತೂರಿನ ಪೇಟೆಗೆ ಬಂದ ಊರಿನವರು ಆಸ್ಪತ್ರೆಯತ್ತ ಹಾದು, ಬಾಗಿಲಲ್ಲಿ ನಿಂತು, “ಎಂತ, ಹೋಯ್ತಾ?” ಎಂದು ಕೇಳಿಕೊಂಡು ಹೋಗತೊಡಗಿದರು. ಅವರಲ್ಲಿ ಒಬ್ಬರಿಗೂ ಕುಚೋದ್ಯವಿರಲಿಲ್ಲ, ಪ್ರೀತಿಯಿಂದಲೇ ಕೇಳುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಡಿಕೆಗಾದರೂ ಒಂದು ಬೆಲೆ ಉಂಟು. ನನ್ನ ಮಾನ ಹೋದದ್ದು ಯಾವುದಕ್ಕೆ ಎಂದು ನೆನೆದು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಗುರುವಾರ ಬೆಳಿಗ್ಗೆ, ಆಪರೇಷನ್ ಆಗಿ ಮೂರು ದಿನಕ್ಕೆ, ಡಾಕ್ಟರು ಬಂದರು. ಆ ದಿನ ಅವರ ಹಿಂದೆ ಊರಿನ ಇಬ್ಬರು ಹಿರಿಯರೂ ಇದ್ದರು, ಮಾವನ ಜೊತೆ ನನ್ನನ್ನು ನೋಡಲು ಬಂದವರು. “ಏನಮ್ಮಾ, ಗಾಳಿ ಹೋಯ್ತೇನು?”

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ತಲೆಯಾಡಿಸಿದೆ. ಮೇಲೆ, ಕೆಳಗೆ. ಹೌದು.

ಹೇಗೆ ಆಡಿಸಿದೆ ಎಂದು ನನ್ನನ್ನು ಕೇಳಿದರೆ ಹೇಳಲಾರೆ. ಯೋಚಿಸಿ ಮಾಡಿದ ಮೋಸವಲ್ಲ. ದನಕ್ಕೆ ಹುಲ್ಲು ಹಾಕಿದ್ದಾಳಾ, ಹಾಕಿದ್ದಾಳಂತೆ. ಅಷ್ಟೇ ಸಲೀಸು. ಮಾತು ಅಲ್ಲಿಗೆ ಮುಗಿಯಲಿ, ಇವರೆಲ್ಲ ಬೇರೆ ಮಂಚದ ಕಡೆ ತಿರುಗಲಿ ಎಂಬುದೊಂದೇ ಆಸೆ. ಅವರು ತಿರುಗಿದರು ಕೂಡ. ಡಾಕ್ಟರು ನಕ್ಕು, “ಹಾಗಾದರೆ ನೀರು ಕೊಡಿ, ಸಂಜೆಗೆ ತೆಳು ಗಂಜಿ” ಎಂದು ಮುಂದೆ ಹೋದರು. ಅತ್ತೆ ಕೈ ಮುಗಿದರು. ಮಾವನ ಮುಖ ಅರಳಿದ್ದನ್ನು ನಾನು ಮೊದಲ ಸಲ ಕಂಡದ್ದು ಆವತ್ತು. ಅವರು ಹೊರಗೆ ಹೋದವರು ನೇರ ದೇವಸ್ಥಾನಕ್ಕೆ ಹೋಗಿ ಒಂದು ಕಾಯಿ ಒಡೆಸಿ, ಪ್ರಸಾದದ ಗಂಧ ತಂದು ಅತ್ತೆಯ ಕೈಯಲ್ಲಿ ಕೊಟ್ಟರು. ಬಸ್ಸಿನಲ್ಲಿಯೂ ಸುದ್ದಿ ಹೋಯಿತು. ಆಗದೇ ಇದ್ದದ್ದಕ್ಕೆ ದೇವರ ಎದುರು ಕಾಯಿ ಒಡೆದಾಗಿತ್ತು. ಇನ್ನು ಇಲ್ಲ ಎನ್ನುವುದು ಹೇಗೆ?

ಆದರೂ ಆ ದಿನ ನನಗೆ ಭಯವಿರಲಿಲ್ಲ, ನಿಜ ಹೇಳುತ್ತೇನೆ. ಇವತ್ತಲ್ಲ ನಾಳೆ ಹೋಗುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ನೀರು ಕುಡಿದೆ. ಮೂರು ದಿನದ ಬಾಯಾರಿಕೆಯ ಮೇಲೆ ಕುಡಿದ ಆ ಅರ್ಧ ಲೋಟ ನೀರಿನ ರುಚಿ ಇವತ್ತಿಗೂ ಬೇರೆ ಯಾವುದಕ್ಕೂ ಬಂದಿಲ್ಲ. ಸಂಜೆ ಉಪ್ಪು ಹಾಕಿದ ಗಂಜಿ ತಿಳಿ. ಅತ್ತೆ ಇನ್ನೂ ಸ್ವಲ್ಪ ಎಂದರು, ಇನ್ನೂ ಸ್ವಲ್ಪ ಕುಡಿದೆ.

ಶುಕ್ರವಾರ ಬೆಳಿಗ್ಗೆ ಹೊಟ್ಟೆ ಉಬ್ಬಿ ಹೊದಿಕೆಯನ್ನು ಎತ್ತಿಹಿಡಿದಿತ್ತು. ಬೆರಳಿನಿಂದ ತಟ್ಟಿದರೆ ಡಬ್ ಡಬ್ ಎನ್ನುತ್ತಿತ್ತು. ಆಮೇಲೆ ವಾಂತಿ, ಮೊದಲು ಗಂಜಿ, ಮತ್ತೆ ಹಸಿರು ನೀರು. ವಾಂತಿ ಮಾಡುವಾಗ ಹೊಲಿಗೆ ಎಳೆದು ಜೀವ ಬಾಯಿಗೆ ಬರುತ್ತಿತ್ತು. ಡಾಕ್ಟರು ಓಡಿ ಬಂದರು. ಮೂಗಿನಿಂದ ಒಂದು ರಬ್ಬರ್ ನಳಿಗೆ ಇಳಿಸಿ, ಅದರ ತುದಿಯನ್ನು ಹಣೆಗೆ ಪಟ್ಟಿ ಹಾಕಿ ಅಂಟಿಸಿದರು. ಬಲಗೈಯನ್ನು ಒಂದು ಹಲಗೆಗೆ ಕಟ್ಟಿ ಗಾಜಿನ ಬಾಟಲಿಯಿಂದ ಮತ್ತೆ ಗ್ಲೂಕೋಸ್ ಬಿಟ್ಟರು. ಹೊರಳುವ ಹಾಗಿಲ್ಲ, ಏಳುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಒಂದು ಬದಿಗೆ ಗೋಡೆ, ಒಂದು ಬದಿಗೆ ಬಾಟಲಿ, ತಲೆಯ ಹತ್ತಿರ ಸರಳಿನ ಕಿಟಕಿ. ಆ ಕಿಟಕಿಯಿಂದ ನನಗೆ ಕಾಣುತ್ತಿದ್ದದ್ದು ಒಂದು ಗೇರು ಮರದ ಅರ್ಧ ಮಾತ್ರ. ಉಳಿದರ್ಧ ನೋಡಬೇಕು ಎಂದು ಒಂದು ಹುಚ್ಚು ಆಸೆ ಆಗುತ್ತಿತ್ತು. ಅಷ್ಟು ಸಹ ನನ್ನ ಕೈಯಲ್ಲಿರಲಿಲ್ಲ.

ಡಾಕ್ಟರು ತಲೆ ಕೆರೆದುಕೊಂಡು ಅತ್ತೆಯನ್ನು ಕೇಳಿದರು. “ಗಾಳಿ ಹೋದದ್ದು ನಿಜ ತಾನೆ?”

“ನಿಜ ಡಾಕ್ಟ್ರೆ. ಅವಳೇ ಹೇಳಿದ್ದಲ್ವಾ?”

ನಾನು ಹೇಳಿರಲಿಲ್ಲ. ಹೇಳಿದ್ದೇ ಇಲ್ಲ. ಆದರೆ ಆ ಮನೆಯಲ್ಲಿ ನಾನು ಹೇಳಿದೆ ಎಂದರೆ ತಲೆಯಾಡಿಸಿದೆ ಎಂದೇ ಅರ್ಥ. ಆಗ ಹೇಳಬೇಕಿತ್ತು. “ಅತ್ತೆ…” ಎಂದೆ. ಮೂಗಿನ ನಳಿಗೆ ಗಂಟಲಲ್ಲಿ ಚುಚ್ಚಿತು. “ಮಾತಾಡ್ಬೇಡ ನೀನು, ಹೊಲಿಗೆ ಬಿಟ್ಟೀತು” ಎಂದು ಅತ್ತೆ ನನ್ನ ಬಾಯಿಯ ಮೇಲೆ ಕೈ ಇಟ್ಟರು. ಅಮ್ಮ ಇದ್ದಿದ್ದರೆ ಅವಳ ಕಿವಿಗೆ ಹೇಳುತ್ತಿದ್ದೆ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು.

ನನ್ನ ಪಕ್ಕದ ಮಂಚದಲ್ಲಿ ಒಬ್ಬರು ಬ್ಯಾರಿ ಹೆಂಗಸು ಇದ್ದರು, ನಲವತ್ತು ದಾಟಿದವರು. ಅವರ ಗಂಡನಿಗೆ ಪೇಟೆಯಲ್ಲಿ ಒಣಮೀನಿನ ವ್ಯಾಪಾರ. ಗರ್ಭಕೋಶದ ಗೆಡ್ಡೆ ತೆಗೆಸಿಕೊಂಡಿದ್ದರು, ಅದಕ್ಕೆ ಮೊದಲು ಬೇರೆ ಎರಡು ಆಪರೇಷನ್ ಆದವರು. ತಲೆಗೆ ವಸ್ತ್ರ ಬಿಗಿದು, ತಸ್ಬೀ ಮಣಿ ಎಣಿಸುತ್ತ, ಎಲ್ಲರ ಮೇಲೂ ಒಂದು ಕಣ್ಣು. ಶುಕ್ರವಾರ ಸಂಜೆ ಅತ್ತೆ ಮುಖ ತೊಳೆಯಲು ಹೋದಾಗ ಅವರು ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು.

“ತಂಗಿ, ನಿಂಗೆ ಹೋಗ್ಲಿಲ್ಲ ಅಲ್ವಾ?”

ನಾನು ಕಿಟಕಿಯ ಕಡೆ ಕಣ್ಣು ತಿರುಗಿಸಿದೆ.

“ಮೂರು ಸಲ ಹೊಟ್ಟೆ ಕೊಯ್ಸಿಕೊಂಡವಳು ನಾನು. ಗಾಳಿ ಹೋದವರ ಮುಖ ಹೇಗಿರ್ತದೆ ಅಂತ ನಂಗೆ ಗೊತ್ತುಂಟು. ನಿನ್ನೆ ನಿನ್ನ ಮುಖ ಹಾಗೆ ಇರ್ಲಿಲ್ಲ.”

ಕಣ್ಣೀರು ಕಿವಿಯೊಳಗೆ ಹರಿಯಿತು. ಎಡಗೈಯಿಂದ ಒರೆಸಿಕೊಂಡೆ.

“ಡಾಕ್ಟ್ರಿಗೆ ಹೇಳು ಮಾರಾಯ್ತಿ.”

“ಮಾವ ಇರ್ತಾರೆ” ಎಂದೆ.

“ಮಾವ ಇದ್ರೆ ಎಂತ? ಅವರು ಗಾಳಿ ಬಿಡುದಿಲ್ವಾ?”

ನಗು ಬಂತು, ನಕ್ಕರೆ ಹೊಲಿಗೆ ಎಳೆಯಿತು. ನೀವೇ ಹೇಳಿ ಎಂದು ಕಣ್ಣಲ್ಲಿ ಬೇಡಿದೆ. ಅವರು ತಲೆ ಅಲ್ಲಾಡಿಸಿದರು. “ನಾನು ಹೇಳಿದ್ರೆ ನಿನ್ನ ಅತ್ತೆ ನಂಬುದಿಲ್ಲ. ಪಕ್ಕದ ಮಂಚದವಳು ಚಾಡಿ ಹೇಳ್ತಾಳೆ ಅಂತ ಆಗ್ತದೆ. ನಿನ್ನ ಹೊಟ್ಟೆ, ನಿನ್ನ ಬಾಯಿ.”

ಆ ರಾತ್ರಿ ನಿದ್ದೆ ಬರಲಿಲ್ಲ ಎಂದಷ್ಟೇ ಹೇಳುತ್ತೇನೆ. ಬಿಸಿ ತುಪ್ಪ ಎನ್ನುತ್ತಾರಲ್ಲ, ನುಂಗಲೂ ಆಗದು, ಉಗುಳಲೂ ಆಗದು. ಸುಳ್ಳು ಒಂದೇ ಆಗಿದ್ದರೆ ಉಗುಳಬಹುದಿತ್ತು. ಅದರ ಮೇಲೆ ಮಾವ ಒಡೆದ ಕಾಯಿ ಇತ್ತು, ಅತ್ತೆ ನಾಲ್ಕು ಜನಕ್ಕೆ ಹೇಳಿದ ಮಾತು ಇತ್ತು, ಕಂಡಕ್ಟರ್ ಕೂಗಿದ ಸುದ್ದಿ ಇತ್ತು. ಎಲ್ಲರೂ ನನ್ನ ಒಂದು ತಲೆಯಾಟದ ಮೇಲೆ ನಿಂತಿದ್ದರು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆ ಮನೆಗೆ ಹೊರಟರು. ಮನೆಯ ದೈವಕ್ಕೆ ಹರಕೆ ಹೇಳಿ, ಒಗೆದ ಬಟ್ಟೆ ತೆಗೆದುಕೊಂಡು ಸಂಜೆಗೆ ಮಗನ ಜೊತೆ ಬರುವುದು ಎಂದು. ಅವರು ಹೋದ ಮೇಲೆ ಡಾಕ್ಟರು ಬಂದರು. ಈ ಸಲ ಏನನ್ನೂ ಕೇಳಲಿಲ್ಲ. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಮಂಚದ ಕಾಲಿನ ಕಡೆ ನಿಂತ ಮಾವನ ಹತ್ತಿರ ಹೇಳಿದರು: “ನೋಡಿ, ಗಾಳಿ ಹೋಗದೆ ಉಬ್ಬಿದ್ದಿದ್ದರೆ ನಾನು ಕಾಯುತ್ತಿದ್ದೆ. ಹೋದ ಮೇಲೆ ಹೀಗಾಗಿದೆ ಅಂದರೆ ಒಳಗೆ ಎಲ್ಲೋ ಕರುಳು ಸುತ್ತಿಕೊಂಡಿದೆ ಅಥವಾ ಅಂಟಿಕೊಂಡಿದೆ. ಮತ್ತೆ ಬಿಚ್ಚಿ ನೋಡಬೇಕು. ಇವತ್ತೇ, ಮೂರು ಗಂಟೆಗೆ.”

ಮಾವ ಕೇಳಿದರು. “ಮಗ ಸಂಜೆ ಬರ್ತಾನೆ ಡಾಕ್ಟ್ರೆ. ಅಲ್ಲಿವರೆಗೆ…”

“ಸಂಜೆವರೆಗೆ ಕಾಯೋ ಹಾಗಿಲ್ಲ. ಈ ಸ್ಥಿತಿಯಲ್ಲಿ ಎರಡನೇ ಸಲ ಕೊಯ್ಯೋದು ಸಣ್ಣ ಕೆಲಸ ಅಲ್ಲ. ಉಳಿಸಿಕೊಡ್ತೀನಿ ಅಂತ ಮಾತು ಕೊಡೋದಕ್ಕಾಗಲ್ಲ. ಬಿಟ್ಟರೂ ಉಳಿಯಲ್ಲ.”

ಇದೆಲ್ಲ ನನ್ನ ಕಾಲಿನ ಬುಡದಲ್ಲಿ ನಡೆದ ಮಾತು. ಇಬ್ಬರೂ ನನ್ನ ಮುಖ ನೋಡಲಿಲ್ಲ. ಒಬ್ಬರಿಗೆ ನಾನು ಹೊಟ್ಟೆ, ಇನ್ನೊಬ್ಬರಿಗೆ ಮಗನ ಹೆಂಡತಿ. ನನಗೆ ಈಗಲೂ ಸಿಟ್ಟು ಬರುವುದು ಅವರ ಮೇಲಲ್ಲ. ಕಣ್ಣು ಬಿಟ್ಟುಕೊಂಡು, ಕಿವಿ ಸರಿ ಇದ್ದುಕೊಂಡು, ನಾಲಗೆ ಬಾಯಲ್ಲೇ ಇದ್ದುಕೊಂಡು ಸುಮ್ಮನೆ ಮಲಗಿದ್ದಳಲ್ಲ, ಆ ಹುಡುಗಿಯ ಮೇಲೆ. ಕೊರಳು ಹಿಡಿದು ಅಲುಗಾಡಿಸಬೇಕು ಎನ್ನಿಸುತ್ತದೆ.

ಹನ್ನೊಂದು, ಹನ್ನೆರಡು. ಗೋಡೆಯ ಗಡಿಯಾರ ನನಗೆ ಕಾಣುವ ಕಡೆಯೇ ಇತ್ತು. ವಾರದೊಳಗೆ ಎರಡನೆಯ ಸಲ ಆಪರೇಷನ್ ಕೋಣೆಯ ಬಾಗಿಲು ದಾಟಿದವರು ತಿರುಗಿ ಬರುವುದಿಲ್ಲ ಎಂದು ವಾರ್ಡಿನಲ್ಲಿ ಒಂದು ಮಾತಿತ್ತು. ಯಾರು ಕಂಡದ್ದೋ. ನನಗೆ ಹತ್ತೊಂಬತ್ತು. ಸಾಯಬಾರದು ಎಂದು ಅಷ್ಟು ಸ್ಪಷ್ಟವಾಗಿ ನಾನು ಮತ್ತೆಂದೂ ಅಂದುಕೊಂಡದ್ದಿಲ್ಲ. ಆದರೂ, ನಗಬೇಡಿ, ಇನ್ನೊಂದು ಮನಸ್ಸು ಹೇಳುತ್ತಿತ್ತು: ಒಳಗೆ ಹೋಗುವಾಗ ಡಾಕ್ಟರ ಕಿವಿಯಲ್ಲಿ ಹೇಳಿದರಾಯಿತು, ಅಲ್ಲಿ ಮಾವ ಇರುವುದಿಲ್ಲ. ಆ ಡಾಕ್ಟರೂ ಗಂಡಸೇ, ಅವರ ಎದುರು ನಾನು ಎಣಿಸಲಿಕ್ಕೂ ನಾಚಿದವಳು ಎಂಬುದು ಮರೆತೇಹೋಗಿತ್ತು.

ಒಂದು ಗಂಟೆಗೆ ನರ್ಸಮ್ಮ ಮತ್ತು ಮಾವ ಬಂದರು. ನರ್ಸಮ್ಮ ಮಲಯಾಳದವರು, ಅವರ ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಮಾವ ಸ್ಟೂಲಿನ ಮೇಲೆ ಕೂತರು. ಅವರು ನನ್ನ ಹತ್ತಿರ ಕೂತದ್ದು ಅದೇ ಮೊದಲು. ಪೆನ್ನಿನ ಮುಚ್ಚಳ ತೆಗೆದು, ಕಾಗದದ ಮೇಲೆ ಮೊನೆ ಇಟ್ಟು, ಬರೆಯದೆ ತಡೆದರು. ಆಮೇಲೆ ಕಾಗದ ನೋಡುತ್ತಲೇ ನರ್ಸಮ್ಮನಿಗೆ ಹೇಳಿದರು.

“ಮೊನ್ನೆ ಸಹಿ ನಾನೇ ಹಾಕಿದೆ. ಇವತ್ತು ಹಾಗೆ ಆಗುದಿಲ್ಲ. ಅವಳಿಗೆ ಒಪ್ಪಿಗೆ ಉಂಟಾ, ಒಂದು ಮಾತು ಕೇಳಿ ನೀವು.”

ನರ್ಸಮ್ಮ ಬಗ್ಗಿ, “ಒಪ್ಪಿಗೆ ಉಂಟಾ?” ಎಂದರು.

ನನ್ನ ತಲೆ ಕೆಳಗೆ ಹೋಗಲು ಹೊರಟಿತು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಸಾವಿನ ಕಾಗದ ಎದುರಿಗಿದ್ದಾಗಲೂ ನನ್ನ ಕುತ್ತಿಗೆ ತಾನು ಕಲಿತದ್ದನ್ನೇ ಮಾಡಲು ಹೊರಟಿತು. ಗಲ್ಲ ಕೆಳಗಿಳಿಯುವಾಗ ಹಣೆಗೆ ಅಂಟಿಸಿದ ನಳಿಗೆ ಬಿಗಿಯಾಗಿ ಎಳೆದು, ಗಂಟಲಿನ ಹಿಂದೆ ಚುಚ್ಚಿ, ವಾಕರಿಕೆ ಬಂದು ಕಣ್ಣಲ್ಲಿ ನೀರಾಡಿತು. ತಲೆ ಅಲ್ಲೇ ನಿಂತಿತು. ಹೌದು ಎನ್ನಲು ಆಗಲಿಲ್ಲ. ಪಕ್ಕದ ಮಂಚದಲ್ಲಿ ತಸ್ಬೀ ಮಣಿಯ ಸದ್ದು ನಿಂತಿತ್ತು.

“ಮಾವ” ಎಂದೆ.

ಅವರು ಬೆಚ್ಚಿ ತಲೆ ಎತ್ತಿದರು. ನನ್ನ ಸ್ವರ ಹೇಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಹತ್ತಿರದಿಂದ ಅವರ ಕಣ್ಣು ಹೇಗಿದೆ ಎಂದು ನನಗೂ ಗೊತ್ತಿರಲಿಲ್ಲ.

“ಗಾಳಿ ಹೋಗ್ಲಿಲ್ಲ ಮಾವ.”

“ಎಂತ?”

“ಆವತ್ತೂ ಹೋಗಿರ್ಲಿಲ್ಲ. ಈಗ್ಲೂ ಹೋಗ್ಲಿಲ್ಲ. ನಾನು ಸುಮ್ನೆ ತಲೆ ಆಡಿಸಿದ್ದು.”

ಹದಿನಾಲ್ಕು ತಿಂಗಳ ಮೇಲೆ ಸೊಸೆ ಮಾವನಿಗೆ ಆಡಿದ ಮೊದಲ ಮಾತು ಇದು. ಆರೋಗ್ಯವೇ ಎಂದಲ್ಲ, ಬನ್ನಿ ಕೂತುಕೊಳ್ಳಿ ಎಂದಲ್ಲ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಬಯ್ಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಸ್ಟೂಲು ಸರಿದ ಸದ್ದು ಮಾತ್ರ ಕೇಳಿತು. ಕಣ್ಣು ತೆರೆದರೆ ಅವರು ಕಾಗದದ ಹಲಗೆ ಹಿಡಿದುಕೊಂಡು, ಪಂಚೆ ಎತ್ತಿಕೊಂಡು ಡಾಕ್ಟರ ಕೋಣೆಯ ಕಡೆ ಓಡುತ್ತಿದ್ದರು. ಕೊಡೆ ಮಂಚಕ್ಕೆ ಒರಗಿಕೊಂಡೇ ಇತ್ತು.

ಡಾಕ್ಟರು ಬಂದಾಗ ಮುಖ ಕೆಂಪಾಗಿತ್ತು. ನನ್ನನ್ನು ಬಯ್ಯಲಿಲ್ಲ. ಮಾವನ ಕಡೆ ತಿರುಗಿ ಎಂಟು ಮಂಚಕ್ಕೂ ಕೇಳುವ ಹಾಗೆ, “ಇನ್ನೆರಡು ಗಂಟೆಗೆ ಈ ಹುಡುಗಿ ಹೊಟ್ಟೆ ಸುಮ್ಮನೆ ಸೀಳ್ತಾ ಇದ್ದೆನಲ್ರೀ. ನಿಮ್ಮ ಮನೇಲಿ ಹೆಣ್ಣುಮಕ್ಕಳಿಗೆ ಬಾಯಿ ಇಲ್ವೇನ್ರೀ?” ಎಂದರು. ಊರಿನ ನಾಲ್ಕು ಪಂಚಾಯಿತಿಕೆಗೆ ಹೋಗಿ ಮಾತಾಡುವ ಮನುಷ್ಯ ನನ್ನ ಮಾವ. ಅವರ ಎದುರು ಯಾರೂ ಸ್ವರ ಏರಿಸುತ್ತಿರಲಿಲ್ಲ. ಅವರು ಹೆಗಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಂಡು, “ತಪ್ಪಾಯ್ತು ಡಾಕ್ಟ್ರೆ” ಎಂದರು. ನನ್ನ ತಪ್ಪಿಗೆ ಅವರು ತಲೆ ತಗ್ಗಿಸಿದ್ದನ್ನು ನೋಡಿ ಆಗ ಎದೆ ಒಡೆಯಿತು. ಈಗ ಯೋಚಿಸಿದರೆ, ತಪ್ಪು ನನ್ನೊಬ್ಬಳದೇ ಎಂದು ಅವರೂ ತಿಳಿದಿರಲಿಲ್ಲ.

ಡಾಕ್ಟರು ಆಪರೇಷನ್ ಮುಂದೆ ಹಾಕಿದರು. ನಾಳೆ ಬೆಳಿಗ್ಗೆವರೆಗೆ ನೋಡುತ್ತೇನೆ, ಆಗಲೂ ಕರುಳು ಏಳದಿದ್ದರೆ ಕೊಯ್ಯುವುದೇ ಎಂದರು. ಮೂಗಿನ ನಳಿಗೆಯಿಂದ ಪಿಚಕಾರಿಯಲ್ಲಿ ಹಸಿರು ನೀರು ಎಳೆದು ಎಳೆದು ತೆಗೆದರು. ಇಂಜೆಕ್ಷನ್ ಕೊಟ್ಟರು. ಕೆಳಗಿನಿಂದಲೂ ಒಂದು ನಳಿಗೆ ಹಾಕಿದರು, ಅದನ್ನು ವಿವರಿಸುವುದಿಲ್ಲ. ಸಂಜೆ ಗಂಡ ಮತ್ತು ಅತ್ತೆ ಬಂದರು. ಅತ್ತೆಗೆ ವಿಷಯ ತಿಳಿದಾಗ, “ನನ್ನತ್ರ ಆದ್ರೂ ಹೇಳ್ಬಾರ್ದಿತ್ತಾ?” ಎಂದು ಗೋಡೆಯ ಕಡೆ ತಿರುಗಿ ಕೂತರು.

ಭಾನುವಾರ ಬೆಳಗಾಗುವಾಗ, ಆಯಾ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಳು, ಗೇರು ಮರದ ನನ್ನ ಪಾಲಿನ ಅರ್ಧದಲ್ಲಿ ಬಿಸಿಲು ಬಿದ್ದಿತ್ತು. ಹೊಟ್ಟೆಯೊಳಗೆ ಏನೋ ಗುಳುಗುಳು ಎಂದಿತು, ಒಂದು ನೋವು ಎಡಕ್ಕೆ ಹರಿದು ಕೆಳಗಿಳಿಯಿತು. ಆಮೇಲೆ ಹೋಯಿತು. ಮೆಲ್ಲಗೆ ಹೋದದ್ದೂ ಅಲ್ಲ. ಆಯಾ ಒರೆಸುವುದನ್ನು ನಿಲ್ಲಿಸಿದಳು. ಪಕ್ಕದ ಮಂಚದವರು ಎದ್ದು ಕೂತು, ಕೈ ಮೇಲೆತ್ತಿ ದೇವರನ್ನು ಸ್ಮರಿಸಿ, ನಗತೊಡಗಿದವರು ನಿಲ್ಲಿಸಲೇ ಇಲ್ಲ. “ಇದು ಮುಖ” ಎಂದರು, “ನಾನು ಹೇಳಿದ್ದು ಈ ಮುಖ.”

ಡಾಕ್ಟರು ಬಂದರು. ಮಾವ ಅವರ ಹಿಂದೆಯೇ ಬಂದರು. ಅವರು ರಾತ್ರಿಯೆಲ್ಲ ಹೊರಗಿನ ಬೆಂಚಿನಲ್ಲಿ ಕೂತಿದ್ದರಂತೆ. “ಏನಮ್ಮಾ?” ಎಂದರು ಡಾಕ್ಟರು. ನಾನು, ಬುದ್ಧಿ ಬಂದರೆ ತಾನೆ, ಮತ್ತೆ ತಲೆಯಾಡಿಸಿದೆ.

“ತಲೆ ಆಡಿಸುದು ಬೇಡ” ಎಂದರು ಮಾವ. ಗೋಡೆಗೆ ಅಲ್ಲ, ಅತ್ತೆಗೆ ಅಲ್ಲ, ನನಗೆ. “ಬಾಯಲ್ಲಿ ಹೇಳು.”

“ಹೋಯ್ತು ಮಾವ.”

“ನಾನು ಸಾಕ್ಷಿ” ಎಂದರು ಪಕ್ಕದ ಮಂಚದವರು. ಡಾಕ್ಟರು ಕೂಡ ನಕ್ಕರು. ಮಾವ ಮಾತ್ರ ನಗಲಿಲ್ಲ. ಬೈರಾಸಿನಿಂದ ಮುಖ ಒರೆಸಿಕೊಂಡರು.

ಅಲ್ಲಿಗೆ ಎಲ್ಲ ಸರಿಯಾಯಿತು ಎಂದಲ್ಲ. ವಾಂತಿಯ ಎಳೆತಕ್ಕೆ ಗಾಯದ ಕೆಳಗಿನ ತುದಿ ಬಿಟ್ಟು ಕೀವಾಯಿತು. ದಿನವೂ ಬತ್ತಿ ತುಂಬಿ ಪಟ್ಟಿ ಕಟ್ಟುವರು. ಆ ನೋವಿಗೆ ನಾನು ಮಂಚದ ಸರಳು ಹಿಡಿದು ಕೂಗುತ್ತಿದ್ದೆ, ಬಾಯಿ ತೆರೆದೇ ಕೂಗುತ್ತಿದ್ದೆ. ಇನ್ನೂ ಮೂರು ವಾರ ಅಲ್ಲೇ ಕಳೆದೆ. ಪಕ್ಕದ ಮಂಚದವರು ನನಗಿಂತ ಮೊದಲೇ ಮನೆಗೆ ಹೋದರು. ಹೋಗುವಾಗ ನನ್ನ ಗಲ್ಲ ಮುಟ್ಟಿ, ಹೊಟ್ಟೆಯಲ್ಲಿ ಎಂತ ಇದ್ದರೂ ಇಟ್ಟುಕೊಳ್ಳಬೇಡ ತಂಗಿ ಎಂದರು. ಅವರನ್ನು ಮತ್ತೆ ಕಾಣಲಿಲ್ಲ.

ಮನೆಗೆ ಬಂದು ಒಂದು ತಿಂಗಳಾಗಿರಬಹುದು. ಮಳೆ ಹಿಡಿಯುವ ಮೊದಲು ಸೌದೆ ಒಟ್ಟುವ ಕೆಲಸವಿತ್ತು, ಆಳುಗಳು ಹೆಚ್ಚು. ಅವರಿಗೆಲ್ಲ ಬಡಿಸಿ ಆಗುವಾಗ ಮಧ್ಯಾಹ್ನ ಕಳೆದಿತ್ತು. ಮಾವ ಉಂಡು ಜಗಲಿಯಲ್ಲಿ ಕೂತು ಎಲೆಯಡಿಕೆಯ ತಟ್ಟೆ ಎಳೆದುಕೊಂಡರು. ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಹಚ್ಚುತ್ತ, ಎಂದಿನ ಹಾಗೆ ಕೇಳಿದರು: “ಅವಳ ಊಟ ಆಯ್ತಾ?”

ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ತಲೆಯಾಡಿಸಿದೆ. ಅತ್ತೆ, “ಆಯ್ತಂತೆ” ಎಂದರು.

ಮಾವನ ಬೆರಳು ನಿಂತಿತು. ಸುಣ್ಣ ಹಚ್ಚಿದ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಬಾಗಿಲಿನ ಕಡೆ ತಿರುಗಿದರು.

“ಬಾಯಲ್ಲಿ ಹೇಳು.”

ಅತ್ತೆ ನನ್ನನ್ನು ನೋಡಿದರು.

“ಇಲ್ಲ ಮಾವ” ಎಂದೆ. “ಇನ್ನೂ ಆಗ್ಲಿಲ್ಲ.”

ಅವರು ಆ ಎಲೆಯನ್ನು ಮಡಚದೆ ತಟ್ಟೆಯಲ್ಲಿ ವಾಪಸು ಇಟ್ಟರು.

“ಉಂಡು ಬಾ” ಎಂದರು. “ನಾನು ಆಮೇಲೆ ಹಾಕ್ತೇನೆ.”

ನಾನು ಅಡುಗೆಮನೆಯಲ್ಲಿ ಕೂತು ಉಂಡೆ. ಅತ್ತೆ ಬಡಿಸಿದರು. ಎರಡನೆಯ ಸಲ ಅನ್ನ ಬೇಕಾ ಎಂದು ಕೇಳಿದರು, ಬೇಕು ಎಂದೆ. ಕೈ ತೊಳೆದು ಬರುವಾಗ ಜಗಲಿಯಲ್ಲಿ ಮಾವ ಹಾಗೆಯೇ ಕೂತಿದ್ದರು. ತಟ್ಟೆಯಲ್ಲಿದ್ದ ಎಲೆಯ ಮೇಲೆ ಸುಣ್ಣ ಒಣಗಿ ಬಿಳಿಯಾಗಿತ್ತು.